ತರಗತಿಯ ಸೆಕೆ, ಗಾಳಿ, ಸದ್ದು ಕಲಿಕೆಯ ಮೇಲೆ ಬೀರುವ ಪರಿಣಾಮವನ್ನು ಸೆನ್ಸರ್‌ಗಳಿಂದ ತಿಳಿಯುವುದು ಹೇಗೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ರಾಯಚೂರು ಜಿಲ್ಲೆ

ನಮಸ್ಕಾರ. ನಾನು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಎ ವಿಭಾಗ ಆರ್‌ಸಿಸಿ ಕೊಠಡಿಯಲ್ಲಿ, ಬಿ ವಿಭಾಗ ತಗಡಿನ ಶೀಟು ಹೊದಿಸಿದ ಕೊಠಡಿಯಲ್ಲಿ ಕೂರುತ್ತದೆ. ಎರಡರಲ್ಲೂ ಸುಮಾರು 40 ಮಕ್ಕಳಿದ್ದಾರೆ. ಬಿಸಿಯೂಟದ ನಂತರ ಬಿ ವಿಭಾಗಕ್ಕೆ ಹೋದರೆ, ಬೆಳಿಗ್ಗೆ ಚುರುಕಾಗಿ ಉತ್ತರ ಹೇಳಿದ ಮಕ್ಕಳೇ ಅಂಗೈಗೆ ಗಲ್ಲ ಆನಿಸಿ ಕುಳಿತಿರುತ್ತಾರೆ. ನಡುಸಾಲಿನ ಒಬ್ಬ ಹುಡುಗಿ ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಬೀಸಣಿಗೆ ಮಾಡಿಕೊಂಡಿದ್ದಾಳೆ. ಬಲಗೈಯಲ್ಲಿ ಬರೆಯುತ್ತಿರುವಾಗಲೂ ಎಡಗೈ ಬೀಸುತ್ತಲೇ ಇರುತ್ತದೆ. ರಸ್ತೆಯ ಕಡೆಯ ಕಿಟಕಿ ತೆರೆದರೆ ಲಾರಿಗಳ ಸದ್ದಿನಲ್ಲಿ ನನ್ನ ಮಾತು ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ, ಮುಚ್ಚಿದರೆ ಹದಿನೈದು ನಿಮಿಷಕ್ಕೇ ಉಸಿರು ಕಟ್ಟಿದಂತಾಗುತ್ತದೆ.

ಇದನ್ನು ಮಕ್ಕಳೊಂದಿಗೇ ಅಳೆದು, ಫಲಿತಾಂಶವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಡಬೇಕೆಂದಿದ್ದೇನೆ. ಐದಾರು ಸಾವಿರ ರೂಪಾಯಿಯೊಳಗೆ ಯಾವ ಸೆನ್ಸರ್‌ಗಳನ್ನು ಕೊಳ್ಳಬೇಕು? ಎರಡೂ ವಿಭಾಗಗಳ ವಾರ್ಷಿಕ ಪರೀಕ್ಷೆಯ ಅಂಕಗಳನ್ನು ಈ ಅಳತೆಗಳ ಪಕ್ಕದಲ್ಲಿಟ್ಟು ಹೋಲಿಸಿದರೆ ಸಾಕಾಗುವುದೇ?

ಉತ್ತರ: ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಬೆಂಗಳೂರು

ಮೇಡಂ, ಮೊದಲು ಇಂಗಾಲದ ಡೈಆಕ್ಸೈಡ್ ಬಗ್ಗೆ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಮೋಸಹೋಗುವುದು ಅಲ್ಲಿಯೇ. ಎಂಕ್ಯೂ-135 ಎಂಬ ಅಗ್ಗದ ಸೆನ್ಸರ್‌ಗೆ ಅಮೋನಿಯಾ, ಮದ್ಯಸಾರದ ಆವಿ, ಹೊಗೆ ಎಲ್ಲವೂ ತಾಗುತ್ತವೆ. ಅದು ತೋರಿಸುವ ಅಂಕಿಯನ್ನು ಇಂಗಾಲದ ಡೈಆಕ್ಸೈಡ್ ಎಂದು ನಂಬುವಂತಿಲ್ಲ. ಬಿಸಿಯೂಟದ ಒಗ್ಗರಣೆಯ ಹೊಗೆಗೂ ಅದು ಏರಿಬಿಡುತ್ತದೆ. ಅವಕೆಂಪು ಬೆಳಕನ್ನು ಅನಿಲ ಎಷ್ಟು ಹೀರಿತು ಎಂಬುದರ ಮೇಲೆ ಅಳೆಯುವ ಎನ್‌ಡಿಐಆರ್ ಬಗೆಯದನ್ನೇ ಕೊಳ್ಳಿ, ಉದಾಹರಣೆಗೆ ಎಂಎಚ್-ಝಡ್19. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ತಾನು ಕಂಡ ಅತಿ ಕಡಿಮೆ ಮಟ್ಟವನ್ನೇ ಹೊರಗಿನ ಶುದ್ಧ ಗಾಳಿ ಎಂದು ತಿಳಿದು ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ರಾತ್ರಿಯಿಡೀ ಬೀಗ ಹಾಕಿದ ಕೊಠಡಿಯಲ್ಲಿ ಆ ಊಹೆ ತಪ್ಪಿದರೆ ಮರುದಿನದ ಎಲ್ಲ ಅಂಕಿಗಳೂ ಕೆಳಗಿಳಿಯುತ್ತವೆ. ಆದ್ದರಿಂದ ಆ ಸೌಲಭ್ಯವನ್ನು ನಿಲ್ಲಿಸಿ, ವಾರಕ್ಕೊಮ್ಮೆ ಸೆನ್ಸರನ್ನು ಆಟದ ಮೈದಾನದಲ್ಲಿ ಇಪ್ಪತ್ತು ನಿಮಿಷ ಇಟ್ಟು, ಅದು ಹೊರಗಾಳಿಯ ಮಟ್ಟವಾದ 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಆಸುಪಾಸು ತೋರಿಸುತ್ತದೆಯೇ ಎಂದು ಮಕ್ಕಳೇ ನೋಡಲಿ.

ನಿಮಗೆ ಉಸಿರು ಕಟ್ಟಿದಂತಾಗುವುದು ಬರಿಯ ಭಾವನೆಯಲ್ಲ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೊಠಡಿಯಲ್ಲಿ ಸುಮಾರು 113 ಘನ ಮೀಟರ್ ಗಾಳಿ ಇರುತ್ತದೆ. ಸುಮ್ಮನೆ ಕುಳಿತ ಹದಿಹರೆಯದ ಮಗು ಗಂಟೆಗೆ ಸುಮಾರು 14 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಗಾಳಿ ಒಂದಿಷ್ಟೂ ಆಡದಿದ್ದರೆ, 45 ನಿಮಿಷದ ಒಂದು ಅವಧಿಯಲ್ಲಿ 40 ಮಕ್ಕಳಿಂದ ಸುಮಾರು 3,700 ಪಿಪಿಎಂ ಏರುತ್ತದೆ. ಬಾಗಿಲ ಸಂದಿ, ಶೀಟಿನ ಅಂಚುಗಳಿಂದ ಗಾಳಿ ನುಸುಳುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಿಮೆ ಇರುತ್ತದೆ; ಎಷ್ಟು ಕಡಿಮೆ ಎಂಬುದೇ ಆ ಕೊಠಡಿಯ ಗಾಳಿಯಾಟದ ಅಳತೆ. ಪೆಟೆನ್‌ಕೋಫರ್ ಎಂಬ ಜರ್ಮನ್ ವಿಜ್ಞಾನಿ 1858ರಲ್ಲಿಯೇ 1,000 ಪಿಪಿಎಂ ಮಿತಿಯನ್ನು ಸೂಚಿಸಿದ್ದು ಈ ಅರ್ಥದಲ್ಲಿ: ಅನಿಲವೇ ವಿಷ ಎಂದಲ್ಲ, ಕೊಠಡಿಯ ಗಾಳಿ ಹಳಸಿದೆ ಎಂಬುದಕ್ಕೆ ಅದು ಗುರುತು.

ಉಷ್ಣತೆಗೆ ಡಿಎಚ್‌ಟಿ11 ಎಂಬ ಸೆನ್ಸರ್ ಬೇಡ, ಅದರಲ್ಲಿ ಎರಡು ಡಿಗ್ರಿಯವರೆಗೆ ಹೆಚ್ಚುಕಡಿಮೆಯಾಗಬಹುದು, ಡಿಎಚ್‌ಟಿ22 ತೆಗೆದುಕೊಳ್ಳಿ. ಶೀಟಿನ ಕೊಠಡಿಯಲ್ಲಿ ಗಾಳಿಯ ಉಷ್ಣತೆಯೊಂದೇ ಸಾಲದು, ಕಾದ ತಗಡು ನೆತ್ತಿಯ ಮೇಲೆ ಸೂಸುವ ಬಿಸಿಯನ್ನೂ ಹಿಡಿಯಬೇಕು. ಅದಕ್ಕೆ ಕಪ್ಪು ಬಣ್ಣ ಬಳಿದ ಟೇಬಲ್ ಟೆನಿಸ್ ಚೆಂಡಿನೊಳಗೆ ಒಂದು ಸೆನ್ಸರ್ ಇಟ್ಟು ತೂಗುಹಾಕಿ. ಎಲ್ಲವೂ ಕುಳಿತ ಮಗುವಿನ ತಲೆಯ ಎತ್ತರದಲ್ಲಿ, ಕಿಟಕಿಯಿಂದಲೂ ಮಕ್ಕಳ ಉಸಿರಿನಿಂದಲೂ ಮಾರು ದೂರದಲ್ಲಿರಲಿ. ಸದ್ದಿನ ಮಟ್ಟವನ್ನು ಮಾತ್ರ ದಾಖಲಿಸಿ, ಮಾತುಗಳನ್ನು ಎಂದಿಗೂ ಧ್ವನಿಮುದ್ರಿಸಬೇಡಿ.

ಉತ್ತರ: ಶಿಕ್ಷಣ ಸಂಶೋಧಕ, ಧಾರವಾಡ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ನನ್ನ ಚಿಂತೆ ನಿಮ್ಮ ಕೊನೆಯ ಪ್ರಶ್ನೆಯ ಬಗ್ಗೆ. ವಾರ್ಷಿಕ ಅಂಕಗಳನ್ನು ಹೋಲಿಸಬೇಡಿ. ವಿಭಾಗಗಳನ್ನು ಹಂಚುವಾಗಲೇ ಮಕ್ಕಳಲ್ಲಿ ವ್ಯತ್ಯಾಸವಿರಬಹುದು. ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆ ತಪ್ಪಿಸಿದವರು ಒಂದೇ ವಿಭಾಗದಲ್ಲಿ ಹೆಚ್ಚಿರಬಹುದು. ಹೀಗಿರುವಾಗ ಅಂಕದ ಅಂತರಕ್ಕೆ ತಗಡೇ ಕಾರಣವೆಂದು ಹೇಳಿದರೆ, ಸಭೆಯಲ್ಲಿ ಯಾರಾದರೂ ಒಂದೇ ಪ್ರಶ್ನೆಯಿಂದ ನಿಮ್ಮ ಇಡೀ ವರ್ಷದ ಶ್ರಮವನ್ನು ತಳ್ಳಿಹಾಕಬಹುದು.

ದಾರಿ ಸರಳವಾಗಿದೆ: ಮಕ್ಕಳನ್ನಲ್ಲ, ಕೊಠಡಿಗಳನ್ನು ಹೋಲಿಸಿ. ಎರಡು ವಾರ ಈಗಿರುವಂತೆ ಕೂರಿಸಿ, ಮುಂದಿನ ಎರಡು ವಾರ ಎ ವಿಭಾಗವನ್ನು ಶೀಟಿನ ಕೊಠಡಿಗೂ ಬಿ ವಿಭಾಗವನ್ನು ಆರ್‌ಸಿಸಿ ಕೊಠಡಿಗೂ ಕಳುಹಿಸಿ, ಮತ್ತೆ ಅದಲುಬದಲು ಮಾಡಿ. ಆಗ ಪ್ರತಿ ಮಗುವನ್ನೂ ಅದೇ ಮಗುವಿನೊಂದಿಗೆ ಹೋಲಿಸಿದಂತಾಗುತ್ತದೆ. ಡೆನ್ಮಾರ್ಕಿನ ವಾರ್ಗೊಕಿ ಮತ್ತು ವಯೋನ್ 10ರಿಂದ 12 ವರ್ಷದ ಮಕ್ಕಳ ತರಗತಿಗಳಲ್ಲಿ ಹೀಗೆಯೇ ಸ್ಥಿತಿಗಳನ್ನು ಅದಲುಬದಲು ಮಾಡಿ ನೋಡಿದಾಗ, ಸೆಕೆ ತಗ್ಗಿಸಿ ಹೊರಗಾಳಿಯನ್ನು ಹೆಚ್ಚಿಸಿದ ವಾರಗಳಲ್ಲಿ ಮಕ್ಕಳ ಕೆಲಸದ ವೇಗ ಹೆಚ್ಚಿತು, ತಪ್ಪುಗಳ ಪ್ರಮಾಣ ಮಾತ್ರ ಅಷ್ಟಾಗಿ ಬದಲಾಗಲಿಲ್ಲ. ಆದ್ದರಿಂದ ನೀವೂ ವೇಗವನ್ನು ಅಳೆಯುವಂತಹ ಚಿಕ್ಕ ಕೆಲಸಗಳನ್ನು ಕೊಡಿ: ಬಿಸಿಯೂಟದ ನಂತರ ಪ್ರತಿದಿನ ಒಂದೇ ಸಮಯಕ್ಕೆ, ಸಮಾನ ಕಷ್ಟದ ಗುಣಾಕಾರದ ಲೆಕ್ಕಗಳಿರುವ ಐದು ನಿಮಿಷದ ಒಂದು ಹಾಳೆ. ಹಾಳೆಯ ಮೇಲೆ ಸಂಕೇತ ಸಂಖ್ಯೆ ಮಾತ್ರ ಇರಲಿ, ತಿದ್ದುವವರಿಗೆ ಕೊಠಡಿ ಯಾವುದೆಂದು ತಿಳಿಯದಿರಲಿ.

ಮೊದಲ ವಾರದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಮ್ಮನ್ನು ಗಮನಿಸುತ್ತಿದ್ದಾರೆಂದು ತಿಳಿದ ಮಕ್ಕಳು ಹುರುಪಿನಿಂದಲೇ ಹೆಚ್ಚು ಲೆಕ್ಕ ಮಾಡುತ್ತಾರೆ. ಪೋಷಕರ ಲಿಖಿತ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. 18 ವರ್ಷದೊಳಗಿನವರ ಡಿಜಿಟಲ್ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ಪ್ರಶ್ನೆ ಕೇಳಿದ ಶಿಕ್ಷಕಿ

ಇಬ್ಬರಿಗೂ ಧನ್ಯವಾದಗಳು. ಕೊಠಡಿ ಬದಲಿಸಲು ಮುಖ್ಯ ಶಿಕ್ಷಕರು ಒಪ್ಪುವರೆಂಬ ನಂಬಿಕೆಯಿದೆ. ಆದರೆ ಕಿಟಕಿಯ ಸಮಸ್ಯೆ ಹಾಗೆಯೇ ಉಳಿಯಿತು. ತೆರೆದರೆ ಗಾಳಿ ಸುಧಾರಿಸುತ್ತದೆ, ಸದ್ದು ಹೆಚ್ಚುತ್ತದೆ. ಮಕ್ಕಳ ಕೆಲಸ ಬದಲಾಗದಿದ್ದರೆ ಗಾಳಿಯಿಂದ ಉಪಯೋಗವಿಲ್ಲವೆಂದು ತಿಳಿಯಬೇಕೇ?

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ

ಹಾಗೆ ತಿಳಿಯಬಾರದು, ಮೇಡಂ. ಒಂದರ ಲಾಭವನ್ನು ಇನ್ನೊಂದರ ನಷ್ಟ ನುಂಗಿರಬಹುದು. ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲಿ ಎತ್ತರದ ಹಳಿಯ ಮೇಲೆ ರೈಲು ಓಡುತ್ತಿತ್ತು. ಹಳಿಯ ಕಡೆಯ ಕೊಠಡಿಗಳ ಮಕ್ಕಳು ಓದಿನಲ್ಲಿ ಇನ್ನೊಂದು ಬದಿಯವರಿಗಿಂತ ಹಿಂದುಳಿದಿದ್ದಾರೆಂದು ಬ್ರಾನ್ಝಾಫ್ಟ್ ಮತ್ತು ಮೆಕಾರ್ತಿ 1975ರಲ್ಲಿ ತೋರಿಸಿದರು. ಹಳಿಗೆ ರಬ್ಬರ್ ಪಟ್ಟಿ, ಕೊಠಡಿಗಳಿಗೆ ಸದ್ದು ಹೀರುವ ಹಲಗೆ ಹಾಕಿದ ಮೇಲೆ ಆ ಅಂತರ ಅಳಿಸಿಹೋಯಿತು. ಸದ್ದು ಅಷ್ಟು ಭಾರವಾದದ್ದು. ನಿಮ್ಮ ಕೊಠಡಿಗೆ ಮೈದಾನದ ಕಡೆಗೂ ಕಿಟಕಿ ಇದ್ದರೆ, ರಸ್ತೆ ಬದಿಯದನ್ನು ಮುಚ್ಚಿ ಅದನ್ನು ಮತ್ತು ಬಾಗಿಲನ್ನು ತೆರೆದಿಟ್ಟು ಒಂದು ವಾರ ಅಳೆಯಿರಿ. ಸದ್ದು ಹೆಚ್ಚದೆ ಪಿಪಿಎಂ ಎಷ್ಟು ಇಳಿಯುತ್ತದೆ ಎಂಬುದು ಆಗ ಕಾಣುತ್ತದೆ.

ಸೆಕೆಗೆ ಇನ್ನೊಂದು ಮಾತು. ನಾನು ಕೆಲಸದಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಶೀಟಿನ ಮೇಲೆ ಸುಣ್ಣ ಬಳಿಸಿದ್ದೆವು. ಮೊದಲು ಶೀಟಿನ ಕೆಳಭಾಗಕ್ಕೆ ಕೈ ಚಾಚಿದರೆ ಒಲೆಯ ಮುಂದೆ ಕೂತಂತೆ ಅಂಗೈ ಸುಡುತ್ತಿತ್ತು, ಬಳಿದ ಮೇಲೆ ಹಾಗಾಗಲಿಲ್ಲ. ಆದರೆ ನಾವು ಅಳೆದಿರಲಿಲ್ಲ, ಆದ್ದರಿಂದ ಮರುವರ್ಷ ಅದಕ್ಕೆ ಹಣ ಕೇಳಿದಾಗ ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ನಿಮ್ಮ ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿಯನ್ನು ತಂದಿದೆ. ಸುಣ್ಣ ಬಳಿಯುವ ಮೊದಲಿನ ಎರಡು ವಾರ ಮತ್ತು ನಂತರದ ಎರಡು ವಾರ ಆ ಕಪ್ಪು ಚೆಂಡಿನ ಅಂಕಿಗಳನ್ನು ಬರೆದಿಡಿ. ಹೊರಗಿನ ಬಿಸಿಲು ದಿನದಿಂದ ದಿನಕ್ಕೆ ಬದಲಾಗುವುದರಿಂದ ಆರ್‌ಸಿಸಿ ಕೊಠಡಿಯ ಅಂಕಿಗಳನ್ನೂ ಜೊತೆಗೇ ಬರೆದಿಡಬೇಕು.

ಪ್ರಶ್ನೆ ಕೇಳಿದ ಶಿಕ್ಷಕಿ

ಮೈದಾನದ ಕಡೆಗೆ ಎರಡು ಕಿಟಕಿಗಳಿವೆ, ಸರ್. ಹಳೆಯ ಬೆಂಚುಗಳನ್ನು ಅವುಗಳಿಗೆ ಅಡ್ಡಲಾಗಿ ಪೇರಿಸಿಟ್ಟಿರುವುದರಿಂದ ಇಷ್ಟು ದಿನ ಯಾರೂ ತೆರೆದಿರಲಿಲ್ಲ. ಸೋಮವಾರ ಮಕ್ಕಳೊಂದಿಗೆ ಆ ಬೆಂಚುಗಳನ್ನು ತೆಗೆಸುತ್ತೇನೆ. ಸೆನ್ಸರ್‌ಗಳು ಬಂದ ಮೇಲೆ ಮೊದಲ ವಾರದ ಅಂಕಿಗಳನ್ನು ಇಲ್ಲಿಯೇ ಹಾಕುತ್ತೇನೆ, ತಪ್ಪಿದ್ದರೆ ದಯವಿಟ್ಟು ತಿದ್ದಿ.