ಗ್ಯಾರೇಜ್ ಡೋರ್ ಸ್ಪ್ರಿಂಗ್ ಮುರಿದಿದೆ, 1,140 ಡಾಲರ್ ಕೇಳ್ತಿದಾನೆ, ಇದು ನ್ಯಾಯವಾದ ರೇಟಾ?

ಮಲ್ನಾಡ್_ಮಗಳು:
ಎಲ್ರಿಗೂ ನಮಸ್ಕಾರ. ನಾವಿರೋದು ಶಿಕಾಗೋ ಹತ್ರ ನೇಪರ್‌ವಿಲ್‌ನಲ್ಲಿ. ಇವತ್ತು ಬೆಳಗ್ಗೆ ಆರು ಗಂಟೆಗೆ ಗ್ಯಾರೇಜ್ ಕಡೆಯಿಂದ ಢಮಾರ್ ಅಂತ ಸದ್ದು, ನಮ್ಮತ್ತೆ ತೀರ್ಥಹಳ್ಳಿಯಿಂದ ಬಂದು ಎರಡು ವಾರ ಆಯ್ತಷ್ಟೆ, ಅವರಂತೂ ಸಿಲಿಂಡರ್ ಸಿಡೀತು ಅಂದ್ಕೊಂಡು ಮೈನಸ್ ಹದಿನೈದು ಚಳೀಲಿ ಬರಿಗಾಲಲ್ಲೇ ಹೊರಗೆ ಓಡೋಕೆ ಹೊರಟಿದ್ರು. ಹೋಗಿ ನೋಡಿದ್ರೆ ಏನೂ ಆಗಿಲ್ಲ, ಆದ್ರೆ ಬಟನ್ ಒತ್ತಿದ್ರೆ ಬಾಗಿಲು ಅರ್ಧ ಅಡಿ ಎದ್ದು ನಿಂತುಬಿಡುತ್ತೆ. ಆಮೇಲೆ ಯಜಮಾನ್ರು ಟಾರ್ಚ್ ಹಾಕಿ ನೋಡಿದ್ರು, ಬಾಗಿಲ ಮೇಲೆ ರಾಡಿಗೆ ಸುತ್ತಿರೋ ದಪ್ಪ ಸ್ಪ್ರಿಂಗ್ ಎರಡಿದಾವಲ್ಲ, ಅದರಲ್ಲಿ ಒಂದು ತುಂಡಾಗಿ ನಡುವೆ ಎರಡು ಇಂಚು ಗ್ಯಾಪ್ ಬಿದ್ದಿದೆ. ಎರಡೂ ಕಾರು ಒಳಗೆ!!

ಗಾಬರೀಲಿ ಫೋನಲ್ಲಿ ಹುಡುಕಿ ಮೊದಲು ಕಂಡ ನಂಬರಿಗೆ ಮಾಡಿದೆ, ಸರ್ವಿಸ್ ಕಾಲ್ ಬರೀ 29 ಡಾಲರ್ ಅಂತ ಹಾಕಿದ್ರು. ಬಂದವನು ಹತ್ತು ನಿಮಿಷ ನೋಡಿ ಟ್ಯಾಬ್ಲೆಟ್ ತಿರುಗಿಸಿ ತೋರಿಸಿದ: ಲೈಫ್‌ಟೈಮ್ ವಾರಂಟಿ ಸ್ಪ್ರಿಂಗ್ ಎರಡು 640, ಬಾಗಿಲು ಎಳೆಯೋ ಉಕ್ಕಿನ ಕೇಬಲ್ 180, ರೋಲರ್ 220, ಬೇರಿಂಗ್ 100. ಈಗಲೇ ಸೈನ್ ಮಾಡಿದ್ರೆ ನೂರು ಕಮ್ಮಿ ಮಾಡ್ತೀನಿ, ನಾಳೆ ಅಂದ್ರೆ ಆಗಲ್ಲ ಅಂದ. ಸಂಜೆ ಹೇಳ್ತೀವಿ ಅಂತ 29 ಕೊಟ್ಟು ಕಳಿಸಿದೀವಿ. ಮನೆ ಕಟ್ಟಿ ಎಂಟು ವರ್ಷ, 16 ಅಡಿ ಅಗಲದ ಎರಡು ಕಾರಿನ ಬಾಗಿಲು. ಯಾರಾದ್ರೂ ಮಾಡಿಸಿದೀರಾ, ಎಷ್ಟು ಕೊಟ್ರಿ?

ಕಾಫಿಪುಡಿ:
ಮೊದಲು ಒಂದು ಮಾತು, ಆ ಬಟನ್ ಇನ್ನೊಂದು ಸಲ ಒತ್ತಬೇಡಿ. ಬಾಗಿಲು ಎತ್ತೋದು ಮೋಟಾರ್ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಅಲ್ಲ, ಭಾರ ಹೊರೋದೆಲ್ಲ ಆ ಸ್ಪ್ರಿಂಗು, ಮೋಟಾರ್ ಸುಮ್ನೆ ದಾರಿ ತೋರಿಸುತ್ತೆ ಅಷ್ಟೆ. ಸ್ಪ್ರಿಂಗ್ ಇಲ್ದೆ ಎಳೆಸಿದ್ರೆ ಒಳಗಿನ ಪ್ಲಾಸ್ಟಿಕ್ ಗೇರ್ ಸವೆದು ಹೋಗುತ್ತೆ, ಆಮೇಲೆ ಹೊಸ ಓಪನರ್‌ಗೆ, ಅಂದ್ರೆ ಆ ಮೋಟಾರ್ ಡಬ್ಬಕ್ಕೆ, ಬೇರೆ ಐನೂರು ಹತ್ರ ಕೊಡಬೇಕು. ನಮ್ಮನೇಲಿ ಹಾಗೇ ಆಯ್ತು, ಅದಕ್ಕೇ ಹೇಳ್ತಿರೋದು.

ಈಗ ರೇಟ್ ವಿಷ್ಯ. ಹೋದ ವರ್ಷ ಆರೋರಾದಲ್ಲಿ ಇದೇ ಸೈಜಿನ ಬಾಗಿಲಿಗೆ ಎರಡೂ ಸ್ಪ್ರಿಂಗ್ ಸೇರಿ 340 ಕೊಟ್ಟೆ, ಲೇಬರ್ ಎಲ್ಲಾ ಅದರಲ್ಲೇ. ಗೊತ್ತಿರೋರನ್ನ ಕೇಳಿದ್ರೆ ಎಲ್ರದ್ದೂ 300ರಿಂದ 450ರ ಒಳಗೇ ಇದೆ. ಒಂದೇ ಮುರಿದಿದ್ರೂ ಎರಡೂ ಹಾಕಿಸಿ, ಅದರಲ್ಲಿ ಮೋಸ ಇಲ್ಲ, ಜೊತೆಗೆ ಹುಟ್ಟಿದ್ದು ಜೊತೆಗೇ ಸವೆದಿರುತ್ತೆ. ಸಾಮಾನ್ಯ ಸ್ಪ್ರಿಂಗಿಗೆ 10,000 ಸಲ ಅಂತ ಆಯಸ್ಸು, ದಿನಕ್ಕೆ ನಾಲ್ಕು ಸಲ ತೆಗೆದು ಹಾಕಿದ್ರೆ ವರ್ಷಕ್ಕೆ 1,460, ಅಂದ್ರೆ ಹತ್ರ ಹತ್ರ ಏಳು ವರ್ಷ, ನಿಮ್ದು ಎಂಟಕ್ಕೆ ಹೋಗಿದೆ, ಲೆಕ್ಕ ಸರಿಯಾಗೇ ಇದೆ. ಚಳಿಗೆ ಉಕ್ಕು ಬಿರುಸಾಗುತ್ತೆ, ಅದಕ್ಕೇ ಜನವರಿ ಬೆಳಗ್ಗೆ ಮುರಿಯೋದು ಜಾಸ್ತಿ.

ಆ ಲೈಫ್‌ಟೈಮ್ ವಾರಂಟಿಗೆ ಮರುಳಾಗಬೇಡಿ. ಎಷ್ಟೋ ಕಡೆ ಸ್ಪ್ರಿಂಗ್ ಮಾತ್ರ ಫ್ರೀ, ಮುಂದಿನ ಸಲ ಲೇಬರ್ ಅಂತ ಪೂರ್ತಿ ಬಿಲ್ ಮಾಡ್ತಾರೆ. ಅದರ ಬದಲು 20,000 ಅಥವಾ 25,000 ಸೈಕಲ್‌ದು, ಅಂದ್ರೆ ಅಷ್ಟು ಸಲ ತೆಗೆದು ಹಾಕೋವರೆಗೂ ಬಾಳೋದು, ಇದ್ಯಾ ಅಂತ ಕೇಳಿ, ಐವತ್ತೋ ನೂರೋ ಜಾಸ್ತಿ ಆಗ್ಬೋದು. ಕೇಬಲ್ ಎಳೆ ಬಿಟ್ಟಿದ್ರೆ ಬದಲಾಯಿಸಿ, ಇಲ್ಲಾಂದ್ರೆ ಬೇಡ. 29 ಡಾಲರ್ ಅಂತ ಕರೆಸ್ಕೊಳ್ಳೋರು 29ಕ್ಕೆ ಬರಲ್ಲ, ಪಟ್ಟಿ ಮಾಡೋಕೆ ಬರ್ತಾರೆ. ಫೋನಲ್ಲೇ ಬಾಗಿಲ ಸೈಜ್ ಹೇಳಿ "ಎರಡು ಸ್ಪ್ರಿಂಗಿಗೆ ಎಲ್ಲಾ ಸೇರಿ ಎಷ್ಟು" ಅಂತ ಮೂರು ಜನರನ್ನ ಕೇಳಿ. ನೋಡದೆ ಹೇಳಕ್ಕಾಗಲ್ಲ ಅನ್ನೋರನ್ನ ಬಿಟ್ಟುಬಿಡಿ.

ಹುಬ್ಳಿಯಂವ:
ಅಕ್ಕಾರ, ಅಷ್ಟ್ ರೊಕ್ಕ ಕೊಡಬ್ಯಾಡ್ರಿ. ನಾ ನನ್ನ ಕೈಲೆ ಹಾಕೇನಿ, ಆನ್‌ಲೈನ್ ಎರಡು ಸ್ಪ್ರಿಂಗ್ 110, ಸ್ಪ್ರಿಂಗ್ ತಿರುವೂ ಕಬ್ಬಿಣದ ಬಾರ್ 30, ಮುಗೀತು. ಹಳೇದರ ತಂತಿ ದಪ್ಪ, ಒಳಗಿನ ಅಗಲ, ಉದ್ದ ಮೂರೂ ಅಳದು ಆರ್ಡರ್ ಮಾಡಬೇಕ್ರಿ, ತಂತಿ ದಪ್ಪ ಬರೇ ಕಣ್ಣಿಗೆ ಗೊತ್ತಾಗಂಗಿಲ್ಲ, ಹತ್ತು ಸುತ್ತು ಕೂಡಿಸಿ ಅಳದು ಭಾಗಾಕಾರ ಮಾಡ್ರಿ. ಏಳು ಅಡಿ ಎತ್ತರದ ಬಾಗಲಕ್ಕ ಏಳೂವರಿ ಸುತ್ತು ತಿರುವಬೇಕು.

ಆದ್ರ ಖರೇ ಹೇಳ್ತೀನಿ, ಐದನೇ ಸುತ್ತಿನ್ಯಾಗ ಬಾರ್ ಕೈ ಜಾರಿ ಕಿವಿ ಮಗ್ಗಲಕ್ಕ ಹಾದು ಹೋಗಿ ಗ್ವಾಡಿಗೆ ಬಡೀತು, ಗ್ವಾಡ್ಯಾಗ ತೂತು ಬಿತ್ತು. ನಮ್ಮ ಮನಿಯಾಕಿ ಎರಡು ದಿನ ಮಾತಾಡಸಲಿಲ್ಲ. ಉಳಿದಿದ್ದು ಇನ್ನೂರು ಡಾಲರ್, ಗ್ವಾಡಿ ರಿಪೇರಿ ನಾನs ಮಾಡೇನಿ. ಸ್ಕ್ರೂಡ್ರೈವರ್ ಹಾಕಿ ತಿರುವಾಕ ಹೋದ್ರಂತೂ ಕೈ ಹೋಗ್ತದ. ಊರಾಗ ಅಂಗಡಿ ಶಟರ್ ಸ್ಪ್ರಿಂಗ್ ಹಾಕವ್ರು ಸಲೀಸ ಮಾಡ್ತಾರ ನೋಡ್ರಿ, ಅವರ ಕೈಗೆ ರೂಢಿ ಇರ್ತದ. ಮುಂದಿನ ಸಲ ನಾನೂ ರೊಕ್ಕ ಕೊಟ್ಟs ಮಾಡಸಾಂವ.

ಡಲ್ಲಾಸ್_ದೋಸೆ:
ಇದು ಸ್ಪ್ರಿಂಗ್ ಅಲ್ಲ, ಆದ್ರೆ ಇಲ್ಲಿ ಓದೋ ಬೇರೆಯವರಿಗೆ ಉಪಯೋಗ ಆಗ್ಬೋದು. ಬಾಗಿಲು ಮೇಲೆ ಹೋಗುತ್ತೆ ಆದ್ರೆ ಕೆಳಗೆ ಬರಲ್ಲ, ಲೈಟ್ ಮಿಣುಕು ಮಿಣುಕು ಅನ್ನುತ್ತೆ ಅಂದ್ರೆ ಯಾರನ್ನೂ ಕರೀಬೇಡಿ, ಬಾಗಿಲ ಎರಡೂ ಕಡೆ ನೆಲದಿಂದ ಆರು ಇಂಚು ಮೇಲೆ ಪುಟ್ಟ ಕಣ್ಣಿನ ಥರ ಸೆನ್ಸರ್ ಇರುತ್ತೆ, 1993ರಿಂದ ಇಲ್ಲಿ ಹೊಸ ಓಪನರ್‌ಗೆಲ್ಲ ಆ ಥರ ಸುರಕ್ಷತೆ ಕಡ್ಡಾಯ, ಮಗು ಗಿಗು ಅಡ್ಡ ಬಂದ್ರೆ ನಿಲ್ಲಲಿ ಅಂತ. ನಮ್ದಕ್ಕೆ ಜೇಡರ ಬಲೆ ಕಟ್ಟಿತ್ತು. ಬಂದವನು ಬಟ್ಟೇಲಿ ಒರೆಸಿ 89 ಡಾಲರ್ ತಗೊಂಡು ಹೋದ, ಕಾಫಿ ಬೇರೆ ಕೊಟ್ಟಿದ್ದೆ ಅವನಿಗೆ.

ಅಂದ ಹಾಗೆ ಮನೆ ಇನ್ಶೂರೆನ್ಸ್ ಕೇಳೋಕೆ ಹೋಗಬೇಡಿ, ಸವೆದು ಹೋಗಿದ್ದಕ್ಕೆ ಅವರು ಕೊಡಲ್ಲ. ಹೋಮ್ ವಾರಂಟಿ (ಮನೇಲಿ ಏನಾದ್ರೂ ಕೆಟ್ರೆ ರಿಪೇರಿ ಮಾಡಿಸೋ ಒಪ್ಪಂದ) ಇದ್ರೆ ಪೇಪರ್ ತೆಗೆದು ನೋಡಿ, ಕೆಲವರದ್ರಲ್ಲಿ ಓಪನರ್ ಇದೆ, ಸ್ಪ್ರಿಂಗ್ ಇಲ್ಲ.

ಮಲ್ನಾಡ್_ಮಗಳು:
ತುಂಬಾ ಥ್ಯಾಂಕ್ಸ್. ಒಂದು ಡೌಟು, ನಾಳೆ ಆಫೀಸಿಗೆ ಹೋಗ್ಲೇಬೇಕು, ಮೋಟಾರಿಂದ ಬಾಗಿಲು ಬಿಡಿಸೋಕೆ ಮೇಲಿಂದ ನೇತಾಡ್ತಿರುತ್ತಲ್ಲ, ಆ ಕೆಂಪು ದಾರ ಎಳೆದು ಕೈಯಲ್ಲಿ ಎತ್ತಬಹುದಾ?

ಕಾಫಿಪುಡಿ:
ಬಾಗಿಲು ಪೂರ್ತಿ ಮುಚ್ಚಿರುವಾಗ ಮಾತ್ರ ದಾರ ಎಳೀರಿ, ತೆರೆದಿರುವಾಗ ಎಳೆದ್ರೆ ಧಡಾರ್ ಅಂತ ಬೀಳುತ್ತೆ. ಎಪ್ಪತ್ತು ಎಂಬತ್ತು ಕೆಜಿ ಇರುತ್ತೆ, ಇಬ್ಬರು ಗಟ್ಟಿ ಆಳು ಎತ್ತಬೇಕು, ಎತ್ತಿದ್ಮೇಲೆ ಕೆಳಗೆ ದಪ್ಪ ಮರದ ತುಂಡು ಕೊಟ್ಟು ನಿಲ್ಲಿಸಿ ಕಾರು ತೆಗೀರಿ. ಅತ್ತೆಯವರನ್ನ ಆ ಕಡೆ ಬಿಡಬೇಡಿ.

ಮಲ್ನಾಡ್_ಮಗಳು:
ಅಪ್ಡೇಟ್. ನಾಲ್ಕು ಕಡೆ ಫೋನ್ ಮಾಡಿದೆ, 340, 385, 520, ಇನ್ನೊಬ್ಬ ಬಂದು ನೋಡ್ಬೇಕು ಅಂದ. 385 ಅಂದವನಿಗೆ ಕೊಟ್ವಿ, 25,000 ಸೈಕಲ್‌ದು, ಅವತ್ತೇ ಬಂದ. ಮುಕ್ಕಾಲು ಗಂಟೇಲಿ ಮುಗಿಸಿದ. ಕೇಬಲ್, ರೋಲರ್ ಎಲ್ಲಾ ನೋಡಿ ಚೆನ್ನಾಗಿದೆ ಅಂದ, ಅಂದ್ರೆ ಮೊದಲನೆಯವನು ಹಾಕಿದ್ದ 500 ಬೇಕಾಗೇ ಇರ್ಲಿಲ್ಲ.

ಕಾಫಿಪುಡಿ:
ಒಳ್ಳೇದಾಯ್ತು. ಒಂದು ಟೆಸ್ಟ್ ಮಾಡಿ, ಬಾಗಿಲು ಮುಚ್ಚಿ ದಾರ ಎಳೆದು ಕೈಯಲ್ಲೇ ಅರ್ಧಕ್ಕೆ ಎತ್ತಿ ಮೆಲ್ಲಗೆ ಬಿಟ್ಟು ನೋಡಿ, ಅಲ್ಲೇ ನಿಲ್ಲಬೇಕು. ಕಾಲು ಕೆಳಗೆ ಇಡಬೇಡಿ.

ಮಲ್ನಾಡ್_ಮಗಳು:
ಮಾಡಿದ್ವಿ, ನಿಲ್ಲುತ್ತೆ ಆದ್ರೆ ನಿಧಾನಕ್ಕೆ ಕೆಳಗೆ ಜಾರುತ್ತೆ.

ಕಾಫಿಪುಡಿ:
ಹಾಗಾದ್ರೆ ಸ್ಪ್ರಿಂಗ್ ಕಾಲು ಸುತ್ತೋ ಅರ್ಧ ಸುತ್ತೋ ಕಮ್ಮಿ ತಿರುಗಿಸಿದಾನೆ, ಹೊಸದ್ರಲ್ಲಿ ಹಾಗಾಗುತ್ತೆ. ನಾಳೆನೇ ಫೋನ್ ಮಾಡಿ ಕರೆಸಿ, ಅದಕ್ಕೆ ದುಡ್ಡು ಕೇಳಿದ್ರೆ ಕೊಡಬೇಡಿ.