ಕಾಂಪೌಂಡ್ ಬಿಟ್ಟು ಸಾಂಪ್ರದಾಯಿಕ ಬಿಲ್ಲು: ಸೈಟ್ (ಗುರಿ ಹಿಡಿಯುವ ಸಾಧನ) ಇಲ್ಲದೆ ಗುರಿ ಹಿಡಿಯುವುದನ್ನು ಕಲಿಯುವುದು ಹೇಗೆ?

ಪ್ರಶ್ನೆ (ಕಾಫಿ ಬೆಳೆಗಾರ, ವಿರಾಜಪೇಟೆ ತಾಲೂಕು)

ನಾಲ್ಕು ವರ್ಷಗಳಿಂದ 50 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲಿನಲ್ಲಿ (ತುದಿಗಳಲ್ಲಿ ಗಾಲಿಗಳಿರುವ ಬಿಲ್ಲು) ಅಭ್ಯಾಸ ಮಾಡುತ್ತಿರುವ ನಾನು, ಪೀಪ್ ಸೈಟ್ (ಹೆದೆಯಲ್ಲಿ ಕೂರಿಸಿದ ಇಣುಕುರಂಧ್ರ) ಮತ್ತು ರಿಲೀಸಿನ (ಬೆರಳಿನ ಬದಲು ಹೆದೆಯನ್ನು ಹಿಡಿದು ಬಿಡುವ ಸಾಧನ) ನೆರವಿನಿಂದ 30 ಮೀಟರಿನಲ್ಲಿ ಬಾಣಗಳನ್ನು ಅಂಗೈಯಗಲದೊಳಗೆ ನೆಡುತ್ತೇನೆ. ಕಳೆದ ತಿಂಗಳು ಅಷ್ಟೇ ಪೌಂಡಿನ, ತುದಿಗಳು ಹೊರಕ್ಕೆ ಬಾಗಿದ ರಿಕರ್ವ್ ಬಿಲ್ಲನ್ನು ಕೊಂಡು, ಹಳೆಯ ಬಾಣಗಳನ್ನೇ ಬಳಸುತ್ತಿದ್ದೇನೆ. 10 ಮೀಟರಿನಲ್ಲೂ ಒಂದು ಬಾಣ ಎಡಕ್ಕೆ ಸರಿದರೆ ಮತ್ತೊಂದು ಸಿಲ್ವರ್ ಓಕ್ ಮರದ ಬುಡ ಸೇರುತ್ತದೆ. ಕೊಡವರ ಕೈಲ್‌ಪೊಳ್ದ್ (ಆಯುಧಪೂಜೆ) ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಗಳಿಸಿದ್ದ ಹೆಸರೂ ಮನೆಯವರೆದುರು ಉಳಿದಿಲ್ಲ. ಗುರಿಯನ್ನಷ್ಟೇ ನೋಡಿ ಬಾಣ ಬಿಡುವ ಇನ್‌ಸ್ಟಿಂಕ್ಟಿವ್ ವಿಧಾನವನ್ನು ಎಲ್ಲಿಂದ ಆರಂಭಿಸಬೇಕು? ನಾನು ಬಲಗೈಯವನು.

ಉತ್ತರ 1 (ಮಡಿಕೇರಿ)

ಆ 50 ಪೌಂಡಿನ ರಿಕರ್ವನ್ನು ಸದ್ಯಕ್ಕೆ ಗೋಡೆಗೆ ತೂಗುಹಾಕಿ. ಲೆಟ್-ಆಫ್ (ಪೂರ್ತಿ ಎಳೆದಾಗ ಕಡಿಮೆಯಾಗುವ ಭಾರದ ಪಾಲು) ಶೇಕಡ 80 ಇರುವ 50 ಪೌಂಡಿನ ಕಾಂಪೌಂಡನ್ನು ಪೂರ್ತಿ ಎಳೆದು ನಿಂತಾಗ ಕೈ ಹಿಡಿದಿರಬೇಕಾದ ಭಾರ ಕೇವಲ 10 ಪೌಂಡ್. ರಿಕರ್ವಿನಲ್ಲಾದರೋ ಎಳೆದಷ್ಟೂ ಭಾರ ಏರುತ್ತಲೇ ಹೋಗುವುದರಿಂದ, ಗುರಿಯ ಮೇಲೆ ಕಣ್ಣು ನಿಲ್ಲುವ ಮೊದಲೇ ಬೆರಳುಗಳು ಹೆದೆಯನ್ನು ಬಿಟ್ಟುಬಿಡುತ್ತವೆ. 25ರಿಂದ 30 ಪೌಂಡಿನ ಬಿಲ್ಲು ಸಾಕು.

ಮೊದಲ ಕೆಲವು ವಾರ ಗುರಿಯೇ ಬೇಡ. ಗೋಣಿಚೀಲಕ್ಕೆ ಹಳೆಯ ಬಟ್ಟೆಗಳನ್ನು ಬಿಗಿಯಾಗಿ ತುಂಬಿ, ಮೂರು ಮೀಟರಿನಿಂದ, ಬೇಕಾದರೆ ಕಣ್ಣು ಮುಚ್ಚಿಯೇ ಬಾಣ ಬಿಡಿ. ತೋರುಬೆರಳು ಪ್ರತಿ ಬಾರಿಯೂ ಬಾಯಿಯ ಅದೇ ಮೂಲೆಗೆ ತಾಗಬೇಕು. ಪೀಪ್ ಸೈಟಿನ ಕೆಲಸವನ್ನು ಇನ್ನು ಮುಂದೆ ಆ ಸ್ಪರ್ಶವೇ ಮಾಡಬೇಕಾಗಿದೆ. ಅನಂತರ ಎರಡೂ ಕಣ್ಣು ತೆರೆದು, ಇಡೀ ಚೀಲವನ್ನಲ್ಲ, ಅದರ ಮೇಲಿನ ಒಂದು ನೂಲಿನ ಗಂಟನ್ನು ನೋಡಿ.

ಉತ್ತರ 2 (ಗೋಣಿಕೊಪ್ಪ)

ಬಾಣ ಎಡಕ್ಕೆ ಹೋಗುವುದಕ್ಕೆ ನಿಮ್ಮ ಕೈಯೊಂದೇ ಕಾರಣವಲ್ಲ. ಬೆರಳಿನಿಂದ ಬಿಟ್ಟ ಹೆದೆ ಪಕ್ಕಕ್ಕೆ ಜಾರುವುದರಿಂದ ಬಾಣ ಬಳುಕಿ ಬಿಲ್ಲನ್ನು ಸುತ್ತಿಕೊಂಡು ಹೋಗಬೇಕು. ಅತಿ ಗಡುಸಾದ ಬಾಣ ಬಳುಕದೆ ಬಲಗೈಯವರಿಗೆ ಎಡಕ್ಕೇ ಬೀಳುತ್ತದೆ. ಬಿಲ್ಲಿನ ಪೌಂಡ್ ಇಳಿಸಿದರೆ ಈಗಿನ ಬಾಣಗಳು ಇನ್ನೂ ಗಡುಸೆನಿಸುತ್ತವೆ. ಬಾಣದ ಮೇಲೆ ಮುದ್ರಿಸಿದ 500, 700ರಂತಹ ಸ್ಪೈನ್ (ಬಾಣ ಬಾಗುವ ಪ್ರಮಾಣ) ಸಂಖ್ಯೆ ದೊಡ್ಡದಾದಷ್ಟೂ ಬಾಣ ಮೆದುವಾಗಿರುತ್ತದೆ ಎಂಬುದನ್ನು ನೆನಪಿಟ್ಟು ಹೊಸದನ್ನು ಆರಿಸಿಕೊಳ್ಳಿ.

ಬಾಣವನ್ನು ಬಿಲ್ಲಿನ ಅಂಚಿನ ಮೇಲೆಯೇ ಇಟ್ಟು ಬಿಡುವಿರಾದರೆ ಪ್ಲಾಸ್ಟಿಕ್ ರೆಕ್ಕೆಗಳು ಅಲ್ಲಿಗೆ ಬಡಿದು ಬಾಣವನ್ನು ಚಿಮ್ಮಿಸುತ್ತವೆ. ನಿಜವಾದ ಗರಿಯಾದರೆ ಮಣಿದು ಹೋಗುತ್ತದೆ. ಆದರೆ ನಮ್ಮ ಜೂನ್–ಜುಲೈ ಮಳೆಯಲ್ಲಿ ಗರಿ ಒದ್ದೆ ಬಟ್ಟೆಯಂತೆ ಅಂಟಿಕೊಳ್ಳುವುದರಿಂದ, ನಾನು ಆ ಎರಡು ತಿಂಗಳು ಕಾಫಿ ಕಣದ ಪಕ್ಕದ ಗೋದಾಮಿನಲ್ಲೇ ಅಭ್ಯಾಸ ಮಾಡುತ್ತೇನೆ.

ಉತ್ತರ 3 (ಸೋಮವಾರಪೇಟೆ)

ಮೊದಲ ಉತ್ತರದಲ್ಲಿ ಒಂದು ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ನಾಲ್ಕು ವರ್ಷ ಸೈಟಿನ ಪಿನ್ನನ್ನು ನೋಡಿ ಪಳಗಿದ ಕಣ್ಣಿಗೆ ಒಮ್ಮೆಲೇ ಗುರಿಯ ಹೊರತು ಬೇರೇನನ್ನೂ ನೋಡಬೇಡವೆಂದರೆ ಅದು ಕೇಳುವುದಿಲ್ಲ. ಬಾಣದ ತುದಿಯನ್ನು ಕದ್ದು ನೋಡುತ್ತಲೇ ಇರುತ್ತದೆ. ಹಾಗಿದ್ದಮೇಲೆ ತುದಿಗೂ ಗುರಿಗೂ ನಡುವಿನ ಅಂತರವನ್ನು ಅಳೆಯುವ ಗ್ಯಾಪ್ ವಿಧಾನವನ್ನೇ ಮೊದಲು ಬಹಿರಂಗವಾಗಿ ಕಲಿಯುವುದು ಲೇಸು. ನನಗೆ ಆ ಲೆಕ್ಕ ಸುಮಾರು ಒಂದು ವರ್ಷದಲ್ಲಿ ತಾನಾಗಿಯೇ ಮರೆತುಹೋಯಿತು. ಇನ್‌ಸ್ಟಿಂಕ್ಟಿವ್ ವಿಧಾನವನ್ನು ಹುಟ್ಟುಗುಣವೆಂದು ವರ್ಣಿಸುವವರನ್ನು ನಾನು ನಂಬುವುದಿಲ್ಲ. ಗಂಡುಮಗು ಹುಟ್ಟಿದಾಗ ಹರಳು ಗಿಡದ ಕಡ್ಡಿಯ ಬಿಲ್ಲನ್ನು ಕೈಗೆ ತಾಗಿಸುವ ಸಂಪ್ರದಾಯ ಕೊಡವರಲ್ಲಿ ಇದ್ದರೂ, ಬಾಣ ಬಿಡುವುದನ್ನು ಎಲ್ಲರೂ ಆಮೇಲೆಯೇ ಕಲಿಯಬೇಕಾಗಿತ್ತಲ್ಲವೇ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಕಾಂಪೌಂಡನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ; 28 ಪೌಂಡಿನ ಬಿಲ್ಲೊಂದನ್ನು ಸ್ನೇಹಿತರಿಂದ ಎರವಲು ತಂದು ಗೋಣಿಚೀಲದ ಅಭ್ಯಾಸ ಆರಂಭಿಸಿದ್ದೇನೆ. ಬಾಣ ಎಡಕ್ಕೆ ಹೋಗುತ್ತಲೇ ಇದೆ, ಆದರೆ ಈಗ ಪ್ರತಿ ಬಾರಿಯೂ ಅಷ್ಟೇ ದೂರ ಎಡಕ್ಕೆ ಹೋಗುತ್ತಿದೆ. ಹಾಗಾದರೆ 700ರ ಬಾಣ ತರಿಸಲೇ, ಅಥವಾ ಇನ್ನೂ ಮೆದುವಾದದ್ದೇ?