[ಪದಚರ್ಚೆ] ಪ್ರೈವೇಟ್ ಕೀ, ಪಬ್ಲಿಕ್ ಕೀ: ‘ಕೀಲಿ’ ಅಂದರೆ ಬೀಗವೋ, ಬೀಗದ ಕೈಯೋ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಹಚ್ಚುವ ಹಾಳೆಯ ಅನುವಾದ. ಸಂಜೆ ಐದಕ್ಕೆ ಪ್ರಿಂಟಿಗೆ ಹೋಗಬೇಕು. ವಿಷಯ, ಟರ್ಮಿನಲ್‌ನಿಂದ ಸರ್ವರಿಗೆ ಫೈಲು ಕಳಿಸುವುದು. ದೂರದ ಸರ್ವರಿಗೆ ಭದ್ರವಾಗಿ ಲಾಗಿನ್ ಆಗುವ ವಿಧಾನ ಎಸ್‌ಎಸ್‌ಎಚ್. ಅದಕ್ಕೆ ಕೀ ಮಾಡಿಕೊಡುವ ಆಜ್ಞೆ ಎಸ್‌ಎಸ್‌ಎಚ್-ಕೀಜೆನ್ ಓಡಿಸಿದರೆ ಎರಡು ಫೈಲು ಹುಟ್ಟುತ್ತವೆ. ‘ಡಾಟ್ ಪಬ್’ ಅಂತ ಮುಗಿಯುವುದನ್ನು (ಪಬ್ಲಿಕ್ ಕೀ) ಎಸ್‌ಎಸ್‌ಎಚ್-ಕಾಪಿ-ಐಡಿ ಆಜ್ಞೆಯಿಂದ ಸರ್ವರಿಗೆ ಹಾಕಬೇಕು, ಇನ್ನೊಂದನ್ನು (ಪ್ರೈವೇಟ್ ಕೀ) ಯಾರಿಗೂ ಕೊಡಬಾರದು. ಆಮೇಲೆ ಫೈಲು ಕಳಿಸುವ ಆಜ್ಞೆ, ಎಸ್‌ಸಿಪಿ. (ಆಜ್ಞೆಗಳು ಹಾಳೆಯಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಇರುತ್ತವೆ, ಅದರ ಬಗ್ಗೆ ಚರ್ಚೆ ಬೇಡ.)

‘ಸಾರ್ವಜನಿಕ ಕೀಲಿ’, ‘ಖಾಸಗಿ ಕೀಲಿ’ ಎಂದು ಬರೆದಿದ್ದೇನೆ. ಕರಡು ನೋಡಿದ ಧಾರವಾಡದ ಕಡೆಯವರು ‘ಕೀಲಿ ಅಂದ್ರ ಬೀಗ ಅಲ್ರೀ?’ ಅಂತ ಕೇಳಿದ್ದಾರೆ. ಸರ್ವರಿನ ಫಿಂಗರ್‌ಪ್ರಿಂಟ್‌ಗೆ (ಇದು ಅದೇ ಸರ್ವರು ಹೌದೋ ಎಂದು ತಾಳೆ ನೋಡುವ ಅಕ್ಷರಗಳ ಸಾಲು) ‘ಬೆರಳಚ್ಚು’ ನಡೆಯುತ್ತದೆಯೇ?
– ಸು.

*

ಅವರು ಅಂದಿದ್ದು ಖರೇ ಅದ. ನಮ್ಮ ಕಡೆ ಬಾಗಲಕ್ಕ ಹಾಕೋದು ಕೀಲಿ, ತೆಗೆಯೋದು ಕೀಲಿಕೈ. ‘ಕೀಲಿ ಸರ್ವರಿಗೆ ಹಾಕಿರಿ’ ಅಂದ್ರ ನಮ್ಮ ಹುಡುಗರಿಗೆ ಸರಿಯಾಗೇ ತಿಳೀತದ. ಪಬ್ಲಿಕ್ ಕೀಗೆ ‘ಕೀಲಿ’, ಪ್ರೈವೇಟ್ ಕೀಗೆ ‘ಕೀಲಿಕೈ’ ಅನ್ರಿ. ಕೀಲಿ ಅಲ್ಲಿ ಜಡೀರಿ, ಕೀಲಿಕೈ ಕಿಸೆದಾಗ ಇಟ್ಕೊಳ್ರಿ. ಇಂಗ್ಲಿಷಿನವರು ಎರಡಕ್ಕೂ ಕೀ ಅಂದು ಗೊಂದಲ ಮಾಡ್ಯಾರ. ನಮಗ ಎರಡು ಶಬ್ದ ಅದಾವ.
– ರಾ., ಹುಬ್ಬಳ್ಳಿ

*

ಮಾತು ಚೆಂದ, ಆದರೆ ಎಸ್‌ಎಸ್‌ಎಚ್ ನಡೆಯುವುದು ಹಾಗಲ್ಲ. ಲಾಗಿನ್ ಆಗುವಾಗ ಪಬ್ಲಿಕ್ ಕೀಯಿಂದ ಯಾರೂ ಏನನ್ನೂ ಮುಚ್ಚುವುದಿಲ್ಲ. ಪ್ರೈವೇಟ್ ಕೀ ಸಹಿ ಹಾಕುತ್ತದೆ, ಸರ್ವರು ತನ್ನಲ್ಲಿರುವ ಪಬ್ಲಿಕ್ ಕೀ ಇಟ್ಟುಕೊಂಡು ಆ ಸಹಿಯನ್ನು ತಾಳೆ ನೋಡುತ್ತದೆ. ಬ್ಯಾಂಕಿನಲ್ಲಿ ಮಾದರಿ ಸಹಿ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಇಡಿ25519 ಎಂಬ ಬಗೆಯ ಕೀ ಇರುವುದೇ ಸಹಿಗಾಗಿ. ಫೈಲು ಹೋಗುವಾಗ ಅದನ್ನು ಮುಚ್ಚಿಡುವ ಕೀ ಬೇರೆಯೇ, ಪ್ರತಿ ಸಂಪರ್ಕಕ್ಕೂ ಹೊಸದಾಗಿ ಹುಟ್ಟುತ್ತದೆ. ಮೈಸೂರಿನ ಕಡೆಯ ಹುಡುಗ ‘ಕೀಲಿ’, ‘ಕೀಲಿಕೈ’ ಎರಡನ್ನೂ ಒಂದೇ ಅಂದುಕೊಂಡು ಕೊಡಬಾರದ ಫೈಲನ್ನೇ ಮೇಲ್ ಮಾಡುತ್ತಾನೆ.

‘ಬೆರಳಚ್ಚು’ ಟೈಪಿಂಗ್ ಪರೀಕ್ಷೆಗೆ ಹೋಗಿಬಿಟ್ಟಿದೆ. ‘ಹೆಬ್ಬೆಟ್ಟು’ ಒತ್ತಿಸಿಕೊಳ್ಳುವುದು ಸಾಲದ ಪತ್ರಕ್ಕೆ. ‘ಬೆರಳ ಗುರುತು’ ಅನ್ನಿ.

ಪದಕ್ಕಿಂತ ಮುಖ್ಯವಾದದ್ದು, ಆ ಗುರುತನ್ನೇ ಹಾಳೆಯಲ್ಲಿ ಅಚ್ಚು ಹಾಕಿಸಿ. ಸರ್ವರಿನ ಮುಂದೆ ಕೂತು ಅದರ ಹೋಸ್ಟ್ ಕೀಯ (ಸರ್ವರಿನ ಸ್ವಂತ ಕೀ) ಪಬ್ ಫೈಲಿನ ಮೇಲೆ ಎಸ್‌ಎಸ್‌ಎಚ್-ಕೀಜೆನ್ -ಎಲ್‌ಎಫ್ ಓಡಿಸಿದರೆ ‘ಎಸ್‌ಎಚ್‌ಎ256:’ ಆದ ಮೇಲೆ 43 ಅಕ್ಷರ ಬರುತ್ತವೆ. ಮೊದಲ ಸಲ ಸಂಪರ್ಕಿಸುವಾಗ ಎಲ್ಲರೂ ಓದದೆ ‘ಯೆಸ್’ (yes) ಎಂದು ಒತ್ತುತ್ತಾರೆ. ಎಸ್‌ಎಸ್‌ಎಚ್‌ನ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್‌ನ 8.0 ಆವೃತ್ತಿಯಿಂದ ‘ಯೆಸ್’ ಬದಲು ಗುರುತನ್ನೇ ಅಲ್ಲಿ ಹಾಕಬಹುದು, ಹೊಂದಿದರೆ ಮಾತ್ರ ಮುಂದೆ ಹೋಗುತ್ತದೆ.
– ವೆಂ.

*

ಕನ್ನಡದ್ದೇ ಒರೆಗಳು ಇರುವಾಗ ‘ಸಾರ್ವಜನಿಕ’, ‘ಖಾಸಗಿ’ ಯಾಕೆ? ಒಂದು ಸಂಸ್ಕ್ರುತದ್ದು, ಇನ್ನೊಂದು ಪಾರಸಿ-ಅರಬ್ಬಿ ಕಡೆಯದು. ‘ಬಯಲ ಕೀಲಿ’, ‘ಗುಟ್ಟಿನ ಕೀಲಿ’. ಮುಗಿಯಿತು.
– ಮಾ.

*

ಮುಗಿಯಲಿಲ್ಲ. ಸಂಸ್ಕೃತದಲ್ಲಿ ‘ಕೀಲ’ ಅಂದರೆ ಗೂಟ, ಬೆಣೆ. ನಿಮ್ಮ ‘ಕನ್ನಡದ್ದೇ ಒರೆ’ ಅಲ್ಲಿಂದಲೇ ಬಂದದ್ದು. ಇನ್ನು ಗುಟ್ಟು ಬಯಲಾಯಿತು ಅನ್ನುತ್ತೇವೆ. ‘ಬಯಲ ಕೀಲಿ’ ಎಂದು ಓದಿದವರು ಕೀಲಿ ಸೋರಿಹೋಗಿದೆ, ಇದನ್ನು ಅಳಿಸಬೇಕು ಅಂದುಕೊಳ್ಳುತ್ತಾರೆ.
– ಶ್ರೀ.

*

ಕೀಲು, ಕೀಲೆಣ್ಣೆ, ಕೀಲುಗೊಂಬೆ ಎಲ್ಲವೂ ಸಂಸ್ಕ್ರುತವೇ? ಎರವಲು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅನ್ನುವುದನ್ನು ಮೊದಲು ತೋರಿಸಿ.
– ಮಾ.

*

ತಮ್ಮಂದಿರಾ, ಪ್ರಿಂಟು ಐದಕ್ಕೆ. ಗಡಿಯಾರಕ್ಕೆ ಕೀ ಕೊಟ್ಟವರು ಯಾರೂ ನಿಘಂಟು ತೆಗೆದಿರಲಿಲ್ಲ. ‘ಕೀ’ ಯಾವತ್ತೋ ಕನ್ನಡವಾಗಿದೆ. ಅದೂ ಅಲ್ಲದೆ, ಪ್ರೈವೇಟ್ ಕೀ ಫೈಲಿನ ಅನುಮತಿ 644 (ಬೇರೆಯವರೂ ಓದಬಹುದು) ಇದ್ದರೆ ಎಸ್‌ಎಸ್‌ಎಚ್ ದೊಡ್ಡ ಅಕ್ಷರದಲ್ಲಿ ಎಚ್ಚರಿಸಿ ಆ ಕೀಯನ್ನು ಪಕ್ಕಕ್ಕಿಡುತ್ತದೆ. ಅನುಮತಿ ಬದಲಿಸುವ ಆಜ್ಞೆಯಿಂದ ಸಿಎಚ್‌ಮೋಡ್ 600 (ಒಡೆಯನಿಗೆ ಮಾತ್ರ) ಮಾಡಬೇಕು. ಆ ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತದೆ. ಪರದೆಯಲ್ಲಿ ‘ಕೀ’ ಕಂಡವನು ಗೋಡೆಯಲ್ಲಿ ‘ಕೀಲಿ’ ಹುಡುಕಬೇಕೆ?
– ಪ., ಶಿವಮೊಗ್ಗ

*

ಧನ್ಯವಾದ. ‘ಗುಟ್ಟಿನ ಕೀ’, ‘ಹಂಚುವ ಕೀ’, ‘ಸರ್ವರಿನ ಬೆರಳ ಗುರುತು’ ಎಂದು ಹಾಕುತ್ತಿದ್ದೇನೆ. 43 ಅಕ್ಷರಗಳಿಗೆ ಚೌಕ ಬಿಟ್ಟಿದ್ದೇನೆ. ಕೊನೆಯ ಸಾಲು (ಪೋರ್ಟ್ ಅಂದರೆ ಸರ್ವರಿನಲ್ಲಿ ಸಂಪರ್ಕ ಸೇರುವ ಜಾಗದ ಸಂಖ್ಯೆ): ‘ಬೇರೆ ಪೋರ್ಟ್ ಇದ್ದರೆ ಎಸ್‌ಎಸ್‌ಎಚ್, ಎಸ್‌ಸಿಪಿ ಎರಡಕ್ಕೂ -ಪಿ 2222 ಸೇರಿಸಿ.’
– ಸು.

*

‘ಹಂಚುವ ಕೀ’ ಅಡ್ಡತಳಿ.
– ಮಾ.

*

ಕೊನೆಯ ಸಾಲು ತಪ್ಪು, ತಡೆಯಿರಿ. ಎಸ್‌ಎಸ್‌ಎಚ್‌ಗೆ ಚಿಕ್ಕಕ್ಷರದ ಪಿ, ಎಸ್‌ಸಿಪಿ ಮತ್ತು ಎಸ್‌ಎಫ್‌ಟಿಪಿಗೆ (ಫೈಲು ಕಳಿಸುವ ಇನ್ನೊಂದು ವಿಧಾನ) ದೊಡ್ಡಕ್ಷರದ ಪಿ. ಎಸ್‌ಸಿಪಿಯಲ್ಲಿ ಚಿಕ್ಕ ಪಿ ಅಂದರೆ ಫೈಲಿನ ಸಮಯ, ಅನುಮತಿ ಹಾಗೇ ಉಳಿಸು ಅಂತ. ಆಗ 2222 ಅನ್ನುವ ಹೆಸರಿನ ಫೈಲು ಹುಡುಕಿ, ಅಂಥದ್ದಿಲ್ಲ ಅನ್ನುತ್ತದೆ. ಇನ್ನೊಂದು: ಓಪನ್‌ಎಸ್‌ಎಸ್‌ಎಚ್ 9.0ರಿಂದ (2022) ಎಸ್‌ಸಿಪಿ ಒಳಗೊಳಗೆ ಎಸ್‌ಎಫ್‌ಟಿಪಿಯನ್ನೇ ಬಳಸುತ್ತದೆ. ಲ್ಯಾಬಿನ ಸರ್ವರು ಹಳೆಯದಾಗಿ ಎಸ್‌ಎಫ್‌ಟಿಪಿ ಇಲ್ಲದಿದ್ದರೆ ದೊಡ್ಡಕ್ಷರದ ಓ ಸೇರಿಸಬೇಕು. ಸೊನ್ನೆ ಅಲ್ಲ, ಓ. ಅಚ್ಚಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಫಾಂಟ್ ನೋಡಿಕೊಳ್ಳಿ.
– ವೆಂ.

*

ತಿದ್ದಿದೆ. ಫಾಂಟೂ ಬದಲಿಸಿದೆ. ಕಳಿಸಿಬಿಟ್ಟೆ.
– ಸು.

*

‘ಪೋರ್ಟ್’ ಹಾಗೇ ಬಿಟ್ಟಿರಾ? ‘ರೇವು’ ಇತ್ತಲ್ಲ.
– ಮಾ.

*

ರೇವಿನಲ್ಲಿ ದೋಣಿ ಕಟ್ಟುತ್ತಾರೆ. ಇದು ಬಾಗಿಲು.
– ಶ್ರೀ.